ಬಾಗಿಲಲ್ಲಿ ಒದ್ದೆ ಗೋಣಿತಟ್ಟು

ಬೆಂಗಳೂರಿನ ಗಂಗಾನಗರಕ್ಕೆ ಬಂದ ಎರಡನೆಯ ದಿನವೇ ಆಲಿಕಲ್ಲಿನ ಮಳೆ ಬಿತ್ತು. ಮಹಡಿಯ ಕಿಟಕಿಯಿಂದ ಬಗ್ಗಿ ನೋಡುತ್ತೇನೆ, ಬೀದಿಯ ಮಕ್ಕಳೆಲ್ಲ ಕುಣಿಯುತ್ತ ಆಲಿಕಲ್ಲು ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಿವೆ! ತಾಯಂದಿರು ಬಾಗಿಲಲ್ಲಿ ನಿಂತು ನಗುತ್ತಿದ್ದಾರೆ. ಆರು ವರ್ಷದ ನನ್ನ ಮಗಳು ನೀಲಾ ಯಾವಾಗಲೋ ಕೆಳಗಿಳಿದು ಅಂಗೈ ಚಾಚಿ ನಿಂತಿದ್ದಳು. ಓಡಿಹೋಗಿ ರಟ್ಟೆ ಹಿಡಿದು ಎಳೆದು ತಂದೆ. ಬಟ್ಟೆ ಬಿಚ್ಚಿಸಿ ತಲೆಯಿಂದ ಕಾಲಿನವರೆಗೆ ಸೋಪು ಹಚ್ಚಿ ತಿಕ್ಕಿದೆ. ಅವಳು ಅತ್ತಳು, ನಾನೂ ಅತ್ತೆ. ಕೆಳಗೆ ಯಾರೋ "ಹುಚ್ಚೀನಾ ಇವ್ಳು?" ಅಂದದ್ದು ಚೆನ್ನಾಗಿ ಕೇಳಿಸಿತು.

ಹುಚ್ಚಿಯಲ್ಲ. ಗದಗಿನ ನನ್ನ ಜನಕ್ಕಾದರೂ ಬಿಡಿಸಿ ಹೇಳುತ್ತೇನೆ. ಗಂಡನ ಸಂಶೋಧನೆಗೆಂದು ನಾವು ಕೀವ್ ನಗರದಲ್ಲಿ ಸಂಸಾರ ಹೂಡಿದ್ದೆವು. ಹತ್ತಿರದ ಚೆರ್ನೋಬಿಲ್‌ನಲ್ಲಿ ಎಂಬತ್ತಾರರ ಏಪ್ರಿಲ್ ಕೊನೆಗೆ ಅಣುಸ್ಥಾವರ ಸಿಡಿದು ಕಣ್ಣಿಗೆ ಕಾಣದ ವಿಷದ ಧೂಳು ಹರಡಿತು. ಮೊದಲು ಯಾರೂ ತುಟಿ ಬಿಚ್ಚಲಿಲ್ಲ. ಮೇ ದಿನದ ಮೆರವಣಿಗೆಯಲ್ಲಿ ನೀಲಾ ಬಲೂನು ಹಿಡಿದು ನಡೆದಳು. ಆಮೇಲೆ ರೇಡಿಯೋ ಹೇಳಿತು: ಕಿಟಕಿ ಮುಚ್ಚಿ, ನೆಲ ತೊಳೆಯಿರಿ, ಸೊಪ್ಪು ತಿನ್ನಬೇಡಿ, ಬಾಗಿಲಲ್ಲಿ ಒದ್ದೆ ಬಟ್ಟೆ ಹಾಸಿ ಕಾಲೊರೆಸಿಕೊಂಡು ಒಳಗೆ ಬನ್ನಿ. ಜೊತೆಗೆ, ಹೆದರಬೇಡಿ! ಹೆದರದಿರಲು ನಾವೇನು ಕಲ್ಲೇ? ಹಸುವಿನ ಹಾಲಿನಲ್ಲೂ ವಿಷ ಇಳಿಯುತ್ತದೆಂದು ಗೊತ್ತಾದ ಮೇಲೆ ಅಲ್ಲಿಯ ತಾಯಂದಿರ ಬಾಯಲ್ಲಿ ಒಂದೇ ಮಾತು, 'ನಿಲ್ಜ್ಯಾ'. ಕೂಡದು ಎಂದರ್ಥ. ಮಣ್ಣು ನಿಲ್ಜ್ಯಾ, ಮಳೆ ನಿಲ್ಜ್ಯಾ, ಹೂವು ನಿಲ್ಜ್ಯಾ. ರೈಲಿನ ಕಿಟಕಿಯೊಳಗೆ ಮಕ್ಕಳನ್ನು ತೂರಿಸುತ್ತಿದ್ದ ಹೆಂಗಸರ ನಡುವೆ ನಾನೂ ಒಬ್ಬಳಾಗಿ ಮಗಳನ್ನು ಪಾರು ಮಾಡಿದೆ. ಗಂಡ ಪ್ರಬಂಧ ಮುಗಿಸಲು ಅಲ್ಲೇ ಉಳಿದರು. ಪ್ರಬಂಧ ದೊಡ್ಡದು ನೋಡಿ.

ಗದಗಿಗೇ ಬರಬಹುದಿತ್ತಲ್ಲ ಎನ್ನುತ್ತೀರಿ. ಮಗುವಿನ ರಕ್ತವನ್ನು ಆಗಾಗ ಪರೀಕ್ಷೆ ಮಾಡಿಸಬೇಕಿತ್ತು, ಅದಕ್ಕೆ ದೊಡ್ಡ ಆಸ್ಪತ್ರೆ ಬೇಕು, ಬೆಂಗಳೂರೇ ಗತಿಯಾಯಿತು. ಮನೆಯ ಒಡತಿ ಮುನಿಲಕ್ಷ್ಮಮ್ಮ ಈ ಭಾಗದ ಹಳೆಯ ಒಕ್ಕಲು ಮನೆತನದವರು. ಹೊಲವಿದ್ದ ಜಾಗದಲ್ಲೇ ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಬೇಸಾಯದ ಗುರುತಿಗೆ ಹಿತ್ತಿಲಲ್ಲಿ ಹಸುಗಳು ಮಾತ್ರ ಉಳಿದಿದ್ದವು. ಕೀವ್‌ನಲ್ಲಿ ಯಾವಾಗ ತಿರುಗಿಸಿದರೂ ನಲ್ಲಿಯಲ್ಲಿ ನೀರು. ಇಲ್ಲಿ ದಿನ ಬಿಟ್ಟು ದಿನ, ಅದೂ ಕೋಳಿ ಕೂಗುವ ಹೊತ್ತಿಗೆ. ನಾನೋ ಹೊತ್ತುಹೊತ್ತಿಗೆ ನೆಲ ತೊಳೆಯುವವಳು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಕಾದಿದ್ದವರಂತೆ ಆಕೆ ನಲ್ಲಿಯ ಹತ್ತಿರವೇ ನನ್ನನ್ನು ಹಿಡಿದರು.

"ಇಂಗೆ ನೀರ್ ಸುರುದ್ರೆ ಸಂಪ್ನಾಗೆ ಏನವ್ವಾ ಉಳೀತದೆ? ಮನೆ ತೊಳೀತೀಯೋ, ಗದ್ದೆ ನಾಟಿ ಮಾಡ್ತೀಯೋ? ನಮ್ ಅಸೀನ ಆಲೂ ಬ್ಯಾಡ ಅಂದ್ಯಂತೆ. ಅದೇನ್ ಇಸಾನಾ?"

ವಿಷವೆಂದೇ ನನ್ನ ಅಂಜಿಕೆ ಎಂದು ಹೇಗೆ ಹೇಳಲಿ? "ಕೂಸಿಗೆ ಹಾಲು ಒಗ್ಗಂಗಿಲ್ರಿ" ಎಂದೆ. ನನ್ನ ಮಾತಿನ ಧಾಟಿಗೆ ಆಕೆ ಬಿದ್ದು ಬಿದ್ದು ನಕ್ಕರು. ಕೀವ್‌ನಲ್ಲಿ ನನಗೆ ಭಾಷೆ ಬರುತ್ತಿರಲಿಲ್ಲ, ಇಲ್ಲಿ ಬರುವ ಭಾಷೆಗೇ ನಗುತ್ತಿದ್ದರು. ಜೋಳದ ಹಿಟ್ಟಿಗಾಗಿ ಯಶವಂತಪುರದವರೆಗೆ ಬಸ್ಸು ಹತ್ತಿದೆ. ಹಿಟ್ಟು ಸಿಕ್ಕ ದಿನ ರೊಟ್ಟಿ ಬಡಿಯುತ್ತ ಒಬ್ಬಳೇ ಹಾಡಿಕೊಂಡೆ.

ಬೆಂಗಳೂರಿನ ಧೂಳು ಬರೀ ಧೂಳೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೂ ಮಹಡಿಯ ಬಾಗಿಲಲ್ಲಿ ಗೋಣಿತಟ್ಟು ಒದ್ದೆ ಮಾಡಿ ಹಾಸಿದೆ. ಹಾವು ಕಂಡವಳಿಗೆ ಹಗ್ಗವೂ ಹಾವೇ. ಯಾರೇ ಬರಲಿ, ಅಲ್ಲಿ ಕಾಲೊರೆಸಬೇಕು. ಬರುತ್ತಿದ್ದವಳೂ ಒಬ್ಬಳೇ, ಕೆಳಗಿನ ಮನೆಯ ಮೆಹರುನ್ನಿಸಾ ಅವರ ಮಗಳು ಶಬಾನಾ. ನೀಲಾಳ ವಾರಿಗೆಯವಳು. ಬರುತ್ತಲೇ ಅವಳ ಪುಟ್ಟ ಪಾದಗಳನ್ನು ನಾನೇ ಬಗ್ಗಿ ಒರೆಸುತ್ತಿದ್ದೆ. ಅವಳಿಂದ ನೀಲಾ 'ನಕ್ಕೋ' ಕಲಿತಳು. ದಖನಿ ಉರ್ದುವಿನಲ್ಲಿ ಬೇಡ ಎಂದರ್ಥ. ಕೀವ್ ಬಿಟ್ಟ ಮೇಲೆ ನನ್ನ ಮಗಳು ನಕ್ಕದ್ದು ಆ ಹುಡುಗಿಯ ಜೊತೆಯಲ್ಲೇ. ಅದೊಂದಿದ್ದರೆ ಸಾಕು, ಉಳಿದದ್ದನ್ನೆಲ್ಲ ನುಂಗಿಕೊಳ್ಳುತ್ತೇನೆ ಎಂದುಕೊಂಡಿದ್ದೆ.

ರಂಜಾನ್ ಹಬ್ಬದ ದಿನ ಮೆಹರುನ್ನಿಸಾ ಬಟ್ಟಲ ತುಂಬ ಶೀರ್ ಖುರ್ಮಾ ತಂದರು. ಹಾಲು, ಶಾವಿಗೆ, ಖರ್ಜೂರದ ಪಾಯಸ ಅದು. ನೀಲಾ ಕೈಚಾಚಿದಳು. ನಾನು ಬಟ್ಟಲನ್ನು ಅತ್ತ ಸರಿಸಿದೆ. ಆಕೆಯ ಮುಖ ಕೆಂಪಾಯಿತು.

"ನೋಡ್ರೀ, ನಾವು ಮುಟ್ಟಿದ್ರೆ ನಿಮ್ಗೆ ಮೈಲಿಗೆ ಅಂದ್ರೆ ಬಾಯ್ಬಿಟ್ಟು ಹೇಳ್ಬಿಡಿ. ಬಂದಾಗೆಲ್ಲ ನನ್ ಮಗಳ ಕಾಲು ಒರೆಸ್ತೀರಿ. ಮಗು ಅಲ್ವಾ, ಅದಕ್ಕೆ ಗೊತ್ತಾಗಲ್ಲ. ನನಗ್ ಗೊತ್ತಾಗುತ್ತೆ ಕಣ್ರೀ!"

ಭೂಮಿ ಬಾಯಿಬಿಡಬಾರದೇ ಎನಿಸಿತು. ಯಾವುದಕ್ಕೋ ಹಾಸಿದ ತಟ್ಟು ಈ ನೆಲದಲ್ಲಿ ಯಾವ ಅರ್ಥ ಕೊಡುತ್ತದೆಂದು ನನಗೆ ಹೊಳೆದೇ ಇರಲಿಲ್ಲ. "ಅಯ್ಯೋ ಆಪಾ, ದೇವರಾಣಿಗೂ ಅದಲ್ಲ" ಎಂದು ಆಕೆಯ ಕೈ ಹಿಡಿದು ಎಲ್ಲವನ್ನೂ ಹೇಳಿದೆ: ಕಾಣದ ಧೂಳು, ಹಾಲು, ಮಳೆ, ರೈಲು, ರಕ್ತಪರೀಕ್ಷೆ. ಹೇಳಿ ಒಂದು ಚಮಚ ಶೀರ್ ಖುರ್ಮಾ ಬಾಯಿಗಿಟ್ಟುಕೊಂಡೆ. ಆಕೆ ನನ್ನನ್ನು ಅಪ್ಪಿಕೊಂಡು ಅತ್ತರು. ಈ ಊರಲ್ಲಿ ಕೊನೆಗೂ ನನಗೊಬ್ಬ ಅಕ್ಕ ಸಿಕ್ಕಳು ಎಂದು ಹಿಗ್ಗಿದೆ.

ಮರುದಿನದಿಂದ ಶಬಾನಾ ಬರಲಿಲ್ಲ.

ನೀಲಾ ಮೆಟ್ಟಿಲ ಮೇಲೆ ಕೂತು ಕಾದಳು. ವಾರ ಕಳೆಯುವಷ್ಟರಲ್ಲಿ ಮುನಿಲಕ್ಷ್ಮಮ್ಮ ದೂರದಲ್ಲೇ ನಿಂತು, "ಆ ಮಗೀನ ಮೈಯಾಗೆ ಅದೆಂತದೋ ಇಸ ಐತಂತಲ್ಲವ್ವಾ, ನಮ್ ಸಂಪ್ ತಾವ ಬುಡಬ್ಯಾಡ" ಎಂದರು. ರಕ್ತದ ವರದಿಯಲ್ಲಿ ಏನೂ ತೊಂದರೆಯಿಲ್ಲವೆಂದು ಬಂದ ದಿನ ಅದನ್ನು ಹಿಡಿದು ಕೆಳಗೋಡಿದೆ. ಮೆಹರುನ್ನಿಸಾ ಬಾಗಿಲು ಅರ್ಧ ತೆರೆದರು.

"ಡಾಕ್ಟ್ರು ಹೇಳಿದ್ರೆ ಸರೀನೇ ಇರುತ್ತೆ, ನಾನೇನ್ ಇಲ್ಲ ಅಂದ್ನಾ? ಆದ್ರೂ ನೀವೇ ಹೇಳಿ, ನನ್ ಜಾಗದಲ್ಲಿ ನೀವಿದ್ರೆ ಬಿಡ್ತಿದ್ರಾ?"

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಹೆದರಬೇಡಿ ಎಂದು ಅಲ್ಲಿಯ ರೇಡಿಯೋ ಹೇಳಿದಾಗ ನಾನು ನಂಬಿದ್ದೆನೇ? ನನ್ನ ಕೈಯ ಕಾಗದವನ್ನು ಈಕೆ ಏಕೆ ನಂಬಬೇಕು? ತಲೆ ತಗ್ಗಿಸಿದಾಗ ಕಂಡಿತು, ಆಕೆಯ ಹೊಸ್ತಿಲಲ್ಲೂ ಈಗ ಒಂದು ಗೋಣಿತಟ್ಟು, ಒದ್ದೆಯಾಗಿ, ಅಚ್ಚುಕಟ್ಟಾಗಿ. ನಾನೇ ಕಲಿಸಿದ ವಿದ್ಯೆ.

ಇದೆಲ್ಲ ಆಗಿ ವರ್ಷವಾಗುತ್ತ ಬಂತು. ನಿಮ್ಮ ಊರು ಯಾವುದು ಎಂದು ಯಾರಾದರೂ ಕೇಳಿದರೆ ಬಾಯಿ ತಡವರಿಸುತ್ತದೆ. ಕೀವ್‌ಗೆ ನಾವು ಹೊರಗಿನವರು. ಗದಗಿನ ನೀವು ಕಾಗದದಲ್ಲಿ 'ರಷ್ಯಾದಾಕಿ' ಎಂದು ಬರೆಯುತ್ತೀರಿ, ಜಾತ್ರೆಗೆ ಮಾತ್ರ ಯಾರೂ ಕರೆಯಲಿಲ್ಲ. ಇಲ್ಲಿ ನಮ್ಮದು ವಿಷದ ಮನೆ. ಮಹಡಿಯಿಂದ ಕೀವ್‌ನ ನದಿಯೂ ಕಾಣುವುದಿಲ್ಲ, ಗದಗಿನ ಭೀಷ್ಮಕೆರೆಯೂ ಕಾಣುವುದಿಲ್ಲ. ಕಾಣುವುದು ಮೆಹರುನ್ನಿಸಾ ಒಣಹಾಕಿದ ಬಟ್ಟೆ.

ಕಳೆದ ವಾರ ನಮ್ಮ ತಟ್ಟನ್ನು ಎತ್ತಿ ಕಸಕ್ಕೆ ಹಾಕಿದೆ. ಸಂಜೆ ನೋಡಿದರೆ ನೀಲಾ ಅದನ್ನು ಆರಿಸಿ ತಂದು, ನೀರು ಚಿಮುಕಿಸಿ, ಹೊಸ್ತಿಲಲ್ಲಿ ಹಾಸಿದ್ದಾಳೆ. "ಬ್ಯಾಡವ್ವಾ, ಇಲ್ಲಿಯ ಧೂಳಿನ್ಯಾಗ ಏನೂ ಇಲ್ಲ. ಬರೋರ ಕಾಲು ಇನ್ನ ಒರಸೂದು ಬ್ಯಾಡ" ಎಂದೆ.

"ಬರೋರಿಗಲ್ಲವ್ವಾ" ಎಂದಳು. ತಟ್ಟಿನ ಮೇಲೆ ನಿಂತು ಎರಡೂ ಪಾದಗಳನ್ನು ಗಸಗಸ ತಿಕ್ಕಿಕೊಂಡು, ಬೀದಿಗೆ ಇಳಿದು ಹೋದಳು.