ಗೆರೆ ಕಡಿಯದ ರಂಗೋಲಿ

ಕೈ ನಡುಗಲು ಶುರುವಾದ ಮೇಲೆ ನಮ್ಮತ್ತೆ ತುಳಸಿಕಟ್ಟೆಯ ಮುಂದೆ ರಂಗೋಲಿ ಹಾಕುವುದನ್ನು ನಿಲ್ಲಿಸಿದರು. ಬೆಳಿಗ್ಗೆ ನಾನು ಹಾಕುವಾಗ ಬಾಗಿಲ ಪಕ್ಕ ಕೂತು, ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ನೋಡುತ್ತಿದ್ದರು.

ತುಳಸಿ ಹಬ್ಬ ಹತ್ತಿರ ಬಂದಾಗ, ಅವರ ರಂಗೋಲಿಯನ್ನೇ ದೇವರ ಮಣೆಗೆ ಹಾಸುವ ಬಟ್ಟೆಯ ಮೇಲೆ ಅಚ್ಚು ಹಾಕೋಣ ಅನ್ನಿಸಿತು. ದೊಡ್ಡಬಳ್ಳಾಪುರದಲ್ಲಿ ಬಟ್ಟೆಗೇನು ಬರ. ಪಕ್ಕದ ಮಗ್ಗದ ಮನೆಯವರು ಬಿಳಿ ಬಟ್ಟೆಯ ತುಂಡುಗಳನ್ನು ಕೊಟ್ಟರು. ಅತ್ತೆ ಹೇಳಿದ ಹಾಗೆ ಹೂವಿನ ರಂಗೋಲಿ ಬರೆದು, ಹಳೆಯ ಎಕ್ಸ್‌ರೇ ಹಾಳೆಯಲ್ಲಿ ಗೆರೆಗಳನ್ನು ಕತ್ತರಿಸಿದೆ. ಎಸಳಿನ ಸುತ್ತ ಪೂರ್ತಿ ಕತ್ತರಿಸಿದರೆ ನಡುವಿನ ತುಂಡು ಉದುರಿಹೋಗುತ್ತದೆ. ಅದಕ್ಕೇ ಅಲ್ಲಲ್ಲಿ ಸಣ್ಣ ಪಟ್ಟಿ ಉಳಿಸಿದ್ದೆ. ಸ್ಪಂಜಿನಿಂದ ಬಣ್ಣ ಒತ್ತಿ ಒಂದು ಅಚ್ಚು ತೋರಿಸಿದೆ.

"ಏನೇ ಇದು, ಗೆರೆಯೆಲ್ಲ ಕಡಿದೈತೆ? ಬೇಲಿ ಮುರಿದ ಹೊಲ ಇದ್ದಂಗೈತೆ. ದೇವ್ರ ಮುಂದೆ ಕಡಿದ ಗೆರೆ ಹಾಕ್ತಾರಾ?"

"ಆ ಪಟ್ಟಿ ಇಲ್ದಿದ್ರೆ ಹಾಳೆ ನಿಲ್ಲಲ್ಲ ಅತ್ತೆ."

"ನನ್ ಕೈಯೂ ನಿಲ್ಲಲ್ಲ. ಬಿಡು, ಇಬ್ರೂ ಸುಮ್ನಿರಾಣ."

ನಗುತ್ತಲೇ ಅಂದರು. ಆದರೆ ಬಟ್ಟೆಯನ್ನು ಮಡಿಸಿ ನನ್ನ ಕೈಗಿಟ್ಟು ಒಳಗೆ ಹೋದರು. ನನಗೆ ಸಂಕಟವಾಯಿತು. ರಂಗೋಲಿಗೆ ಕೂತರೆ ಗೆರೆ ಕೂಡಿಸದೆ ಎದ್ದವರಲ್ಲ ಅವರು.

ಮೊಬೈಲಿನಲ್ಲಿ ಹುಡುಕಿದಾಗ ಸ್ಕ್ರೀನ್ ಪ್ರಿಂಟಿಂಗ್ ಅಂತ ಪರದೆಯಿಂದ ಅಚ್ಚು ಹಾಕುವುದನ್ನು ಕಂಡೆ. ಗಾಜು ಒಡೆದಿದ್ದ ಫೋಟೋ ಚೌಕಟ್ಟಿಗೆ ತೆಳ್ಳನೆಯ ನೈಲಾನ್ ಬಟ್ಟೆಯನ್ನು ಬಿಗಿದು ಕಟ್ಟಿ ಪರದೆ ಮಾಡಿದೆ. ಈ ಸಲ ಕಾಗದದಲ್ಲಿ ಗೆರೆಗಳನ್ನು ಪೂರ್ತಿ ಕತ್ತರಿಸಿ ಬಿಳಿ ಬಟ್ಟೆಯ ಮೇಲೆ ಹಾಸಿ, ಉದುರಿದ ತುಂಡುಗಳನ್ನೂ ಅವುಗಳ ಜಾಗದಲ್ಲೇ ಜೋಡಿಸಿದೆ. ಮೇಲೆ ಪರದೆಯಿಟ್ಟು ಬಣ್ಣ ಎಳೆದರೆ, ಹಸಿ ಬಣ್ಣಕ್ಕೇ ಕಾಗದ ಪರದೆಗೆ ಅಂಟಿಕೊಳ್ಳುತ್ತದೆ. ತುಂಡು ಹಿಡಿದಿಡಲು ಪಟ್ಟಿ ಬೇಡ. ಗೆರೆ ಕತ್ತರಿಸಿದಲ್ಲಿ ಮಾತ್ರ ಬಣ್ಣ ಕೆಳಗಿಳಿಯುತ್ತದೆ.

ಜೋಡಿಸುವಾಗ ಫ್ಯಾನಿನ ಗಾಳಿಗೆ ತುಂಡುಗಳು ಅಲ್ಲಾಡಿದವು. ಅದನ್ನು ಆರಿಸಲು ಏಳಬೇಕು ಅನ್ನುವಷ್ಟರಲ್ಲಿ ಕರೆಂಟೇ ಹೋಯಿತು. ಕೂತಲ್ಲೇ ದೇವರಿಗೆ ಕೈಮುಗಿದೆ.

ಮೇಲೆ ಪರದೆಯಿಟ್ಟು, ಅದರ ಒಂದು ತುದಿಗೆ ಕೆಂಪು ಬಣ್ಣ ಸುರಿದು ಅತ್ತೆಯನ್ನು ಕರೆದೆ.

"ನೀವೇ ಎಳೀರಿ."

"ಕೆಡಿಸ್ತೀನಿ ಕಣೇ."

"ಕೆಟ್ರೆ ಒಲೆ ಕಟ್ಟೆ ಒರ್ಸಕ್ಕಾಯ್ತು."

ನಾನು ಚೌಕಟ್ಟನ್ನು ಒತ್ತಿ ಹಿಡಿದೆ. ಅವರು ಪ್ಲಾಸ್ಟಿಕ್ ಸ್ಕೇಲನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮ ಕಡೆಗೆ ಎಳೆದರು. ಸ್ಕೇಲು ಉದ್ದಕ್ಕೂ ನಡುಗಿತು. ಪರದೆ ಎತ್ತಿದರೆ, ಕೆಂಪು ಗೆರೆ ಎಲ್ಲೂ ಕಡಿಯದೆ ಹೂವನ್ನು ಸುತ್ತಿ ಬಂದಿತ್ತು.

ಅತ್ತೆ ಬೆರಳನ್ನು ಹಸಿ ಬಣ್ಣಕ್ಕೆ ತಾಗಿಸದೆ, ಆ ಗೆರೆಯ ಮೇಲೆಯೇ ಪೂರ್ತಿ ಒಂದು ಸುತ್ತು ತಂದರು. ಬೆರಳು ಆಗಲೂ ನಡುಗುತ್ತಿತ್ತು. ಅವರು ಅದನ್ನು ಸೆರಗಿನೊಳಗೆ ಇಟ್ಟುಕೊಳ್ಳಲಿಲ್ಲ.

"ಇನ್ನೊಂದ್ ತುಂಡು ಹಾಸು," ಅಂದರು. "ಊರಮ್ಮನ ಗುಡಿಗೂ ಒಂದು ಎಳ್ಕೊಡ್ತೀನಿ."