ಬಿಷಪ್ಪರನ್ನು ಏನೆಂದು ಕರೆಯುವುದು

ಮಾನ್ಯ ಓದುಗರಲ್ಲಿ,

ನನ್ನ ಕಾಗುಣಿತವೂ ಕೈಬರಹವೂ ತಮ್ಮ ಕಣ್ಣಿಗೆ ತ್ರಾಸ ಕೊಡುವಂಥವು. ಮೊದಲೇ ಕ್ಷಮೆ ಕೋರುತ್ತೇನೆ. ಕಚೇರಿಗಳಿಗೆ ಅರ್ಜಿ ಬರೆದು ಮಾತ್ರ ಗೊತ್ತಿರುವ ನಾನು ನೆನಪೊಂದನ್ನು ಬರೆಯುತ್ತಿರುವುದು ಇದೇ ಮೊದಲು.

ನಿವೇದಿಸಿಕೊಳ್ಳುವುದೇನೆಂದರೆ, ಕಳೆದ ರಂಜಾನಿನ ಕೊನೆಯ ವಾರ, ಐರ್ಲೆಂಡಿನ ನಮ್ಮ ಸ್ವೋರ್ಡ್ಸ್ ಊರಿನಲ್ಲಿ ಈದ್ ನಮಾಜಿಗೆಂದು ನಾವು ಗೊತ್ತುಮಾಡಿದ್ದ ಸ್ಪೋರ್ಟ್ಸ್ ಹಾಲಿನ ಚಾವಣಿ ಸೋರಿ, ಜಾಗ ಕೈತಪ್ಪಿತು. ಉಳಿದದ್ದು ಚರ್ಚಿನ ಹಾಲ್ ಒಂದೇ. ಅಲ್ಲಿನ ಪಾದ್ರಿಗಳು, "ಬೇರೆ ಧರ್ಮದ ಪ್ರಾರ್ಥನೆಗೆ ಬಿಷಪ್ಪರ ಒಪ್ಪಿಗೆ ಬೇಕು. ಗುರುವಾರ ಮಕ್ಕಳ ದೃಢೀಕರಣ ಸಂಸ್ಕಾರಕ್ಕೆ ಬರುತ್ತಾರೆ, ನೀವೇ ಕೇಳಿ" ಎಂದರು. ಜಮಾತಿನವರು ಆ ಹೊಣೆಯನ್ನು ನನಗೆ ಒಪ್ಪಿಸಿದರು. ಚಂದ್ರ ಕಂಡರೆ ಶುಕ್ರವಾರವೇ ಈದ್.

ನನ್ನನ್ನು ಕಾಡಿದ್ದು ಸಂಬೋಧನೆ. ಇಲ್ಲಿನ ಹಳಬರು ಬಿಷಪ್ಪರನ್ನು 'ಮೈ ಲಾರ್ಡ್' ಎನ್ನುತ್ತಿದ್ದರಂತೆ. ಅಲ್ಲಾಹನನ್ನು ಮಾತ್ರ ಒಡೆಯನೆಂದು ಕರೆದ ನಾಲಿಗೆ ಅದನ್ನು ಹೇಗೆ ಆಡೀತು? ಆಡದೆ ಹೋಗಿ, ಅಗೌರವವೆಂದು ಅವರು ಇಲ್ಲವೆಂದರೆ?

ಆಸ್ಪತ್ರೆಯಲ್ಲಿ ವೈದ್ಯೆಯಾಗಿರುವ ನನ್ನ ಹೆಂಡತಿ ನಕ್ಕಳು. "ನಿಮ್ಮಪ್ಪ ಕೋರ್ಟಿಗೆ ಮಹಾಸ್ವಾಮಿ ಅಂತ ಅರ್ಜಿ ಹಾಕ್ತಿದ್ರಲ್ಲ, ಆಗ ಈಮಾನು ಹೋಯ್ತಾ?"

ಗುರುವಾರ ಸಂಸ್ಕಾರ ಮುಗಿದ ಮೇಲೆ, ಚಹಾದ ಹೊತ್ತಿನಲ್ಲಿ, ಪಾದ್ರಿಗಳು ನನ್ನನ್ನೂ ಜೊತೆಗೆ ಬಂದಿದ್ದ ಹೆಂಡತಿಯನ್ನೂ ಬಿಷಪ್ಪರ ಮುಂದೆ ನಿಲ್ಲಿಸಿ ಅತ್ತ ಹೋದರು. ನಾನು ಕೈಕಟ್ಟಿ, ದೃಷ್ಟಿ ತಗ್ಗಿಸಿ ನಿಂತೆ. ಕಲಬುರಗಿ ಕಡೆಯ ನಮ್ಮೂರಿನಲ್ಲಿ ಮಠದ ಅಪ್ಪಾರ ಮುಂದಾಗಲಿ, ದರ್ಗಾದ ಹಜರತರ ಮುಂದಾಗಲಿ, ಯಾರೂ ತಾವಾಗಿ ಬೇಡಿಕೆ ಇಡುವುದಿಲ್ಲ. "ಏನ್ ಬಂದೀಪಾ?" ಎಂದು ಅವರೇ ಕೇಳಬೇಕು. ಅದು ಅದಬು, ಹಿರಿಯರ ಮುಂದಿನ ಮರ್ಯಾದೆ.

ಬಿಷಪ್ಪರು ಕೈಕುಲುಕಿದರು. "ಬಂದದ್ದು ಸಂತೋಷ. ಟೀ ಸಿಕ್ತಾ? ಗ್ರ್ಯಾಂಡ್, ಗ್ರ್ಯಾಂಡ್." ಗಾಳಿಯ ವಿಷಯ ಎರಡು ಮಾತಾಡಿದರು. ನಾನು ಕಾದೆ. ಅವರು ಕೋಟು ಹಾಕಿಕೊಂಡು ಬಾಗಿಲ ಕಡೆ ನಡೆದರು.

"ರೀ, ಹೊರಟ್ರು! ಬಾಯಿ ಬಿಡ್ರೀ."

"ಯಾಕ್ ಬಂದಿ ಅಂತ ಅವರು ಕೇಳ್ಲೇ ಇಲ್ವಲ್ಲೇ!"

"ಅವ್ರಿಗೇನ್ ಗೊತ್ತು ನಿಮ್ಮೂರ ಮಠ? ಟೀ ಕುಡಿಯೋಕ್ ಬಂದಿದ್ದಾರೆ ಅನ್ಕೊಂಡಿದ್ದಾರೆ. ಕೇಳ್ತೀರೋ, ನಾನೇ ಕೇಳ್ಲೋ?"

ಓಡಿದೆ. ಬಿಷಪ್ಪರ ಒಂದು ಕಾಲು ಆಗಲೇ ಕಾರಿನೊಳಗಿತ್ತು. ಅಭ್ಯಾಸ ಮಾಡಿಕೊಂಡಿದ್ದ ಬಿರುದೊಂದೂ ನಾಲಿಗೆಗೆ ಬರಲಿಲ್ಲ. "ಈದ್ ನಮಾಜಿಗೆ ನಮಗೆ ನಿಮ್ಮ ಹಾಲ್ ಬೇಕು" ಎಂದುಬಿಟ್ಟೆ, ಬಸ್ಸಿನಲ್ಲಿ ಟಿಕೆಟ್ ಕೇಳುವವನಂತೆ. ಬಾಗಿಲು ಹಿಡಿದಿದ್ದ ಪಾದ್ರಿಗಳು ನೆಲ ನೋಡಿದರು.

"ಇಷ್ಟು ಕೇಳೋಕೆ ಅಷ್ಟು ಹೊತ್ತು ನಿಂತಿದ್ರಾ?" ಎಂದರು ಬಿಷಪ್ಪರು. ಬಳಿಕ ಪಾದ್ರಿಗಳತ್ತ ತಿರುಗಿ, "ಬೆಳಿಗ್ಗೆ ಬೇಗ ಹೀಟಿಂಗ್ ಹಾಕಿಸಿ, ಫಾದರ್. ಇವರು ನೆಲದ ಮೇಲೆ ಕೂರುವವರು."

ಈದಿನ ದಿನ ಸಜ್ದಾಕ್ಕೆ ಬಾಗಿದಾಗ ಹಣೆಗೆ ತಾಗಿದ ನೆಲ ಬೆಚ್ಚಗಿತ್ತು.

ಅವರಿಗೆ ಕೃತಜ್ಞತಾ ಪತ್ರ ಬರೆಯುವುದು ಇನ್ನೂ ಬಾಕಿ ಇದೆ. ಸಂಬೋಧನೆಯ ಸಾಲಿನಲ್ಲೇ ಪೆನ್ನು ನಿಂತಿದೆ. ಸರಿಯಾದುದು ತಮಗೆ ತಿಳಿದಿದ್ದರೆ ತಿಳಿಸಬೇಕು. ಈ ಬರಹದಲ್ಲಿ ಕಂಡ ಬೇರೆ ತಪ್ಪುಗಳನ್ನೂ ದಯವಿಟ್ಟು ತಿದ್ದಬೇಕಾಗಿ ಪ್ರಾರ್ಥನೆ.