ಖಂಡೇಪೂಜೆಗೆ ಇಟ್ಟ ಹರಳು

ಆ ರೇಖೆ ಕೊನೆಯಲ್ಲಿ ಎರಡನೆಯ ಸಲ ಬಾಗಿದ್ದನ್ನು ನಾನು ನಿಜವಾಗಿ ನೋಡಿದ್ದೆನೇ? ಈಗ ಆಣೆ ಮಾಡಿ ಹೇಳಲಾರೆ.

ತೊಂಬತ್ತರ ದಶಕ ಮುಗಿಯುತ್ತಿತ್ತು. ಪಿಎಚ್‌ಡಿಗೆಂದು ವಿರಳ ಭೂಲೋಹವೊಂದನ್ನು ತವರದ ಜೊತೆ ಕರಗಿಸಿ, ಹಲವು ಸಲ ಕೆಡಿಸಿಕೊಂಡು, ಜೋಳದ ಕಾಳಿನಷ್ಟು ಹರಳು ಮಾಡಿದ್ದೆ. ಅದರೊಳಗೆ ಪರಮಾಣುಗಳು ತ್ರಿಕೋನವಾಗಿ ಕೂತಿರುತ್ತವೆ. ಒಂದೊಂದೂ ಪುಟ್ಟ ಅಯಸ್ಕಾಂತ. ಪಕ್ಕದ್ದಕ್ಕೆ ವಿರುದ್ಧವಾಗಿ ತಿರುಗುವುದೇ ಅದರ ಹಟ. ಎರಡು ಎದುರುಬದುರಾದರೆ ಮೂರನೆಯದಕ್ಕೆ ದಿಕ್ಕೇ ಇಲ್ಲ. ದ್ರವ ಹೀಲಿಯಂನಲ್ಲಿ ತಣಿಸುತ್ತ ಹೋದಾಗ ಕಾಂತತ್ವದ ಅಳತೆಯ ರೇಖೆ ಒಮ್ಮೆ ಬಾಗಿತು: ಕೆಲವು ಅಯಸ್ಕಾಂತಗಳು ಸಾಲುಗೂಡಿದ್ದವು. ಇನ್ನೂ ಕೆಳಗೆ ಮತ್ತೊಮ್ಮೆ ಬಾಗಿತು, ಉಳಿದವೂ ಸೋತು ಒಂದು ದಿಕ್ಕು ಹಿಡಿದಂತೆ. ಅಷ್ಟರಲ್ಲಿ ಹೀಲಿಯಂ ಮುಗಿಯಿತು.

"ಮುಗಿಯೋ ಹೊತ್ತಿಗೆ ಯಂತ್ರ ಏನು ಬೇಕಾದ್ರೂ ತೋರಿಸುತ್ತೆ," ಎಂದರು ನನ್ನ ಮಾರ್ಗದರ್ಶಕರು. "ಇದೇ ಹರಳಲ್ಲಿ ಇನ್ನೊಮ್ಮೆ ತೋರಿಸಿ. ಇಲ್ಲಾಂದ್ರೆ ಪ್ರಬಂಧ ಇಲ್ಲ."

ದಸರೆ ಮುಗಿದ ಮೇಲೆ ಹೈದರಾಬಾದಿನಲ್ಲಿ ಯಂತ್ರ ಸಿಗುವುದಿತ್ತು. ದಾರಿಯಲ್ಲಿ ಗಂಗಾವತಿಯ ಮನೆಗೆ ಬಂದೆ. ಗಾಳಿ, ನೀರು ತಗುಲಬಾರದೆಂದು ಹರಳನ್ನು ಎಣ್ಣೆ ತುಂಬಿದ ಸೀಸೆಯಲ್ಲಿ ಇಟ್ಟುಕೊಂಡಿದ್ದೆ.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಬೆಳಗ್ಗೆ ಎದ್ದು ಬಂದರೆ, ಕುಡುಗೋಲು, ಕುಂಟೆ, ಈಳಿಗೆಗಳ ಸಾಲಿನ ತುದಿಗೆ, ವಿಭೂತಿ ಹಚ್ಚಿಸಿಕೊಂಡು ನನ್ನ ಹರಳೂ ಕೂತಿತ್ತು. ಹೊಳಪೆಲ್ಲ ಹೋಗಿ, ಮಸಿಯಂತೆ ಕಪ್ಪಗೆ.

"ನಿನ್ನ ಕೆಲಸದ್ದೂ ಪೂಜಿಗೆ ಇಡಬೇಕಲ್ಲೋ ತಮ್ಮಾ," ಎಂದಳು ಅವ್ವ. "ಜಿಡ್ಡ ಭಾಳ ಇತ್ತು. ಹುಣಸಿಹಣ್ಣ ಹಚ್ಚಿ ತಿಕ್ಕೀನಿ."

ಅಪ್ಪ ನಕ್ಕ. "ಇಷ್ಟ ವರ್ಷ ಓದಿ ಇಷ್ಟ ಸಣ್ಣ ಹರಳ ತಂದಾನ! ನಮ್ಮ ಕುಂಟಿ ಮುಂದ ಇದು ಕಾಣಾಂಗಿಲ್ಲ ನೋಡ."

ಅವರು ಹೀಗೇ ಅಂದರೋ, ನಾನು ಆಮೇಲೆ ಕಟ್ಟಿಕೊಂಡೆನೋ. ಎತ್ತಿಕೊಂಡಾಗ ಅಂಚು ಬೆರಳಿಗೆ ಪುಡಿಯಾಗಿ ಹತ್ತಿದ್ದು ಮಾತ್ರ ಸುಳ್ಳಲ್ಲ.

ಆದರೂ ಹೈದರಾಬಾದಿಗೆ ಹೋದೆ. ಮೊದಲ ಬಾಗು ಮಸುಕಾಗಿ ಬಂತು. ಎರಡನೆಯದು ಬರಲಿಲ್ಲ. ಆಮೇಲೆ ಮಾಡಿದ ಯಾವ ಹರಳಿನಲ್ಲೂ ಬರಲಿಲ್ಲ.

"ಮೊದಲೂ ಇರಲಿಲ್ಲ ಅನ್ಸುತ್ತೆ," ಎಂದರು ಮಾರ್ಗದರ್ಶಕರು, ಮೆಲ್ಲಗೆ. ಪ್ರಬಂಧ ಬಿಟ್ಟು ಕುಷ್ಟಗಿಯ ಕಾಲೇಜೊಂದರಲ್ಲಿ ಪಾಠಕ್ಕೆ ಸೇರಿದೆ.

ಹುಣಸೆಹಣ್ಣು ಹರಳನ್ನು ಕೆಡಿಸಿತೆಂದು ಮನೆಯಲ್ಲಿ ಹೇಳಲಿಲ್ಲ. ಅದಕ್ಕೆ ಅವ್ವನ ಮೇಲಿನ ಕರುಣೆಯೊಂದೇ ಕಾರಣವಲ್ಲ. ಕೆಡುವಂಥದ್ದು ಅಲ್ಲಿ ಏನಾದರೂ ಇತ್ತೆಂದು ನನಗೇ ಖಾತ್ರಿಯಿರಲಿಲ್ಲ.